ಆ ಮರ ಅಲ್ಲಿಯೇ ಏಕೆ ನಿಂತಿದೆ?

ಪನಾಮಾ ಕಾಲುವೆಗಾಗಿ ಚಾಗ್ರೆಸ್ ನದಿಗೆ ಅಣೆಕಟ್ಟು ಕಟ್ಟಿದಾಗ ಸುತ್ತಲಿನ ಕಣಿವೆಗಳು ಮುಳುಗಿ, ಒಂದು ಗುಡ್ಡದ ಮೇಲ್ಭಾಗ ಮಾತ್ರ ನೀರಿನಿಂದ ಮೇಲೆ ಉಳಿದು ದ್ವೀಪವಾಯಿತು. ಬಾರೊ ಕೊಲೊರಾಡೊ ಎಂಬ ಆ ದ್ವೀಪದಲ್ಲಿ 1980ರ ಸುಮಾರಿಗೆ ಸ್ಟೀಫನ್ ಹಬೆಲ್ ಮತ್ತು ರಾಬಿನ್ ಫಾಸ್ಟರ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಕಿಲೋಮೀಟರ್ ಉದ್ದ, ಅರ್ಧ ಕಿಲೋಮೀಟರ್ ಅಗಲದ, ಅಂದರೆ 50 ಹೆಕ್ಟೇರ್ ವಿಸ್ತೀರ್ಣದ ಕಾಡಿಗೆ ಗಡಿ ಹಾಕಿಕೊಂಡರು. ಎದೆಮಟ್ಟದಲ್ಲಿ ಕನಿಷ್ಠ 1 ಸೆಂಟಿಮೀಟರ್ ದಪ್ಪವಿರುವ ಪ್ರತಿಯೊಂದು ಗಿಡಮರವನ್ನೂ ಅಳೆದು, ಅದರ ಪ್ರಭೇದವನ್ನು ಗುರುತಿಸಿ, ನಕ್ಷೆಯ ಮೇಲೆ ಒಂದೊಂದು ಚುಕ್ಕೆಯಾಗಿ ದಾಖಲಿಸುವ ಕೆಲಸಕ್ಕೆ ಅವರು ಕೈಹಾಕಿದರು. ಚುಕ್ಕೆಗಳ ಸಂಖ್ಯೆ ಎರಡು ಲಕ್ಷವನ್ನು ದಾಟಿತು. ಪ್ರಭೇದಗಳು ಸುಮಾರು 300 ಇದ್ದವು. ಉಷ್ಣವಲಯದ ಕಾಡೊಂದರಲ್ಲಿ ಯಾವ ಮರ ಎಲ್ಲಿದೆ ಎಂಬುದನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ, ಇಷ್ಟು ಸೂಕ್ಷ್ಮವಾಗಿ ಅದಕ್ಕೆ ಮೊದಲು ಯಾರೂ ದಾಖಲಿಸಿರಲಿಲ್ಲ.

ಆ ನಕ್ಷೆಯಿಂದ ಒಂದೊಂದೇ ಪ್ರಭೇದದ ಚುಕ್ಕೆಗಳನ್ನು ಪ್ರತ್ಯೇಕಿಸಿ ನೋಡಿದರೆ, ಹೊರಗಿನಿಂದ ಏಕರೂಪವಾಗಿ ಕಾಣುವ ಹಸಿರು ಕೂಡಲೇ ಒಡೆದು ಬೇರೆ ಬೇರೆ ಚಿತ್ರಗಳಾಗುತ್ತದೆ. ಒಂದು ಪ್ರಭೇದ ಇಳಿಜಾರಿನ ಅಂಚನ್ನೇ ಹಿಡಿದು ಸಾಗಿದ್ದರೆ, ಇನ್ನೊಂದು ಎರಡು ಮೂರು ಕಡೆ ಒತ್ತಾಗಿ ಬೆಳೆದು ಉಳಿದ ಕಡೆ ಸುಳಿವೇ ಇಲ್ಲದಂತಿರುತ್ತದೆ, ಮತ್ತೊಂದು ಎಲ್ಲ ಕಡೆಯೂ ಹರಡಿಕೊಂಡಿರುತ್ತದೆ. ಇಂಥ ಆರು ದೊಡ್ಡ ಅಧ್ಯಯನ ತಾಣಗಳ ನಕ್ಷೆಗಳನ್ನು ಹೋಲಿಸಿ 2000ದಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಬಹುಪಾಲು ಪ್ರಭೇದಗಳು ಗುಂಪುಗುಂಪಾಗಿಯೇ ಬೆಳೆಯುತ್ತವೆ, ಅಪರೂಪದ ಪ್ರಭೇದಗಳಲ್ಲಿ ಈ ಗುಣ ಇನ್ನೂ ಹೆಚ್ಚು ಎಂದು ಕಂಡುಬಂತು. ಗುಂಪುಗಳು ಇವೆ ಎಂಬುದರಲ್ಲಿ ಸಂದೇಹವಿಲ್ಲ. ಅವುಗಳನ್ನು ಮಾಡಿದ್ದು ಯಾವುದು ಎಂಬುದೇ ಕಠಿಣವಾದ ಪ್ರಶ್ನೆ.

ಮೊದಲು ಗುಂಪು ಎಂದರೇನು ಎಂಬುದನ್ನು ನಿಖರವಾಗಿ ತಿಳಿಯಬೇಕು. ಒಂದು ಹಿಡಿ ಕಾಳನ್ನು ಕಣ್ಣುಮುಚ್ಚಿ ನೆಲಕ್ಕೆ ಎರಚಿದರೂ ಕೆಲವು ಕಡೆ ಒತ್ತಾಗಿ, ಕೆಲವು ಕಡೆ ವಿರಳವಾಗಿ ಬೀಳುತ್ತವೆ. ಕಣ್ಣಿಗೆ ಗುಂಪಿನಂತೆ ಕಂಡದ್ದೆಲ್ಲಕ್ಕೂ ಕಾರಣ ಇರಲೇಬೇಕೆಂದಿಲ್ಲ. ಆದ್ದರಿಂದ ಸಂಖ್ಯಾಶಾಸ್ತ್ರಜ್ಞರು ಪ್ರತಿ ಮರದ ಸುತ್ತ ಒಂದು ವೃತ್ತವನ್ನು ಕಲ್ಪಿಸಿಕೊಂಡು, ಅದರೊಳಗೆ ಅದೇ ಪ್ರಭೇದದ ಮರಗಳು ಎಷ್ಟಿವೆ ಎಂದು ಎಣಿಸಿ, ಮರಗಳು ಕಾಳಿನಂತೆ ಎರಚಿಬಿದ್ದಿದ್ದರೆ ಎಷ್ಟು ಸಿಗಬೇಕಿತ್ತು ಎಂಬ ಲೆಕ್ಕದೊಡನೆ ಹೋಲಿಸುತ್ತಾರೆ. ವೃತ್ತವನ್ನು ಹಿಗ್ಗಿಸುತ್ತ ಹೋದಂತೆ ಯಾವ ದೂರದವರೆಗೆ ಗುಂಪುಗಾರಿಕೆ ಇದೆ, ಎಲ್ಲಿಂದಾಚೆಗೆ ಅದು ಕರಗುತ್ತದೆ ಎಂಬುದು ತಿಳಿಯುತ್ತದೆ. 1970ರ ದಶಕದಲ್ಲಿ ಬ್ರಿಯಾನ್ ರಿಪ್ಲಿ ರೂಪಿಸಿದ ಈ ಬಗೆಯ ಅಳತೆ ಇಂದಿಗೂ ಕಾಡಿನ ನಕ್ಷೆಗಳನ್ನು ಓದುವ ಮುಖ್ಯ ಸಾಧನಗಳಲ್ಲಿ ಒಂದು.

ಆದರೆ ಗುಂಪು ನಿಜವೆಂದು ಸಾಬೀತಾದ ಮೇಲೂ ಅದರ ಕಾರಣ ಬಯಲಾಗುವುದಿಲ್ಲ. ಬೀಜಗಳು ತಾಯಿಮರದ ಹತ್ತಿರವೇ ಬಿದ್ದುದರಿಂದ ಗುಂಪು ಉಂಟಾಗಿರಬಹುದು; ಆ ತುಂಡು ನೆಲದ ತೇವವೋ ಮಣ್ಣೋ ಆ ಪ್ರಭೇದಕ್ಕೆ ಒಗ್ಗಿರಬಹುದು; ಎಂಬತ್ತು ವರ್ಷಗಳ ಹಿಂದೆ ಅಲ್ಲೊಂದು ದೊಡ್ಡ ಮರ ಉರುಳಿ, ಬಿಸಿಲು ಬಿದ್ದ ಆ ಜಾಗದಲ್ಲಿ ಒಟ್ಟಿಗೆ ಮೊಳೆತ ಸಸಿಗಳು ಒಟ್ಟಿಗೇ ಬೆಳೆದಿರಬಹುದು. ಮೂರೂ ದಾರಿಗಳ ಕೊನೆಯಲ್ಲಿ ಸಿಗುವ ಚಿತ್ರ ಒಂದೇ. ಮರಗಳ ನಕ್ಷೆ ಬದುಕಿ ಉಳಿದವುಗಳ ಪಟ್ಟಿ ಮಾತ್ರ ಎಂಬ ಮಾತನ್ನು ಈ ವಿಷಯಕ್ಕೆ ಕಾಲಿಡುವ ಪ್ರತಿಯೊಬ್ಬರೂ ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಂದು ಮರ ತನ್ನ ಆಯುಷ್ಯದಲ್ಲಿ ಉದುರಿಸುವ ಅಸಂಖ್ಯ ಬೀಜಗಳಲ್ಲಿ ಸರಾಸರಿ ಒಂದು ಮಾತ್ರ ಅದರ ಸ್ಥಾನ ತುಂಬುವ ಮರವಾಗುತ್ತದೆ. ಉಳಿದವು ಎಲ್ಲಿ, ಯಾವಾಗ, ಏಕೆ ಸತ್ತವು ಎಂಬುದರಲ್ಲಿಯೇ ಹಂಚಿಕೆಯ ವಿವರಣೆ ಇದೆ.

ಬೀಜದ ಪ್ರಯಾಣದಿಂದ ಆರಂಭಿಸೋಣ. ಗಾಳಿಯಲ್ಲಿ ತೇಲುವ ಬೀಜವಾಗಲಿ, ಹಕ್ಕಿಯೋ ಬಾವಲಿಯೋ ತಿಂದು ಒಯ್ಯುವ ಹಣ್ಣಾಗಲಿ, ಸಿಡಿದು ಚಿಮ್ಮುವ ಕಾಯಿಯಾಗಲಿ, ಬಹುಪಾಲು ಬೀಜಗಳು ತಾಯಿಮರದ ಆಸುಪಾಸಿನಲ್ಲಿಯೇ ನೆಲ ಸೇರುತ್ತವೆ; ದೂರ ಹೆಚ್ಚಿದಂತೆ ಬೀಳುವ ಸಂಖ್ಯೆ ವೇಗವಾಗಿ ಕುಗ್ಗುತ್ತದೆ. ಅಮೆಜಾನಿನ ಬ್ರೆಜಿಲ್ ನಟ್ ಮರದ ಗಟ್ಟಿ ಕಾಯಿಯನ್ನು ಅಗೌಟಿ ಎಂಬ ದಂಶಕ ಪ್ರಾಣಿ ಕಡಿದು ತೆರೆದು, ಬೀಜಗಳನ್ನು ಅಲ್ಲಲ್ಲಿ ಹೂತಿಡುತ್ತದೆ. ಅದು ಮರೆತುಬಿಟ್ಟ ಅಥವಾ ಹಿಂದಿರುಗಿ ಬರಲಾಗದ ಬೀಜಗಳೇ ಮುಂದೆ ಮೊಳೆಯುತ್ತವೆ. ಬಾರೊ ಕೊಲೊರಾಡೊದಲ್ಲಿ ಕಾಡಿನುದ್ದಕ್ಕೂ ಬೀಜ ಹಿಡಿಯುವ 200 ಬಲೆಗಳನ್ನು ಇಟ್ಟು ವರ್ಷಗಟ್ಟಲೆ ಎಣಿಸಿದಾಗ, ಬಹುಪಾಲು ಪ್ರಭೇದಗಳ ಬೀಜ ಬಹುಪಾಲು ಬಲೆಗಳಿಗೆ ತಲುಪಲೇ ಇಲ್ಲ. ಇದರ ಪರಿಣಾಮ ಮೇಲ್ನೋಟಕ್ಕೆ ತೋರುವುದಕ್ಕಿಂತ ದೊಡ್ಡದು. ಒಂದು ಜಾಗಕ್ಕೆ ಅತ್ಯಂತ ಯೋಗ್ಯವಾದ ಪ್ರಭೇದದ ಬೀಜ ಅಲ್ಲಿಗೆ ಬರದೇ ಇದ್ದರೆ, ಬಂದವುಗಳಲ್ಲಿ ಯಾವುದಾದರೂ ಒಂದು ಆ ಜಾಗವನ್ನು ಪಡೆಯುತ್ತದೆ. ಸ್ಪರ್ಧೆಯಲ್ಲಿ ದುರ್ಬಲವಾದ ಪ್ರಭೇದವೂ, ಸ್ಪರ್ಧಿ ಗೈರುಹಾಜರಾದ ಕಡೆಗಳಲ್ಲಿ ಗೆದ್ದು, ಕಾಡಿನಲ್ಲಿ ಉಳಿದುಕೊಳ್ಳುತ್ತದೆ.

ಹಾಗೆಂದು ದೂರ ಹೋಗುವ ಬೆರಳೆಣಿಕೆಯ ಬೀಜಗಳನ್ನು ಕಡೆಗಣಿಸುವಂತಿಲ್ಲ. ಹಿಮಯುಗ ಮುಗಿದ ಬಳಿಕ ಓಕ್ ಮರಗಳು ಬ್ರಿಟನ್ನಿನ ಉತ್ತರದ ತುದಿಯವರೆಗೆ ಹರಡಿದ ವೇಗ, ಅವುಗಳ ಭಾರವಾದ ಕಾಯಿ ಮರದ ಬುಡದಲ್ಲಿ ಬೀಳುವ ರೀತಿಗೆ ಹೊಂದುವುದೇ ಇಲ್ಲ ಎಂಬುದನ್ನು ಕ್ಲೆಮೆಂಟ್ ರೀಡ್ 1899ರಲ್ಲಿಯೇ ಗುರುತಿಸಿದ್ದರು. ಓಕ್ ಕಾಯಿಗಳನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ದೂರ ಹಾರಿ ಹೂತಿಡುವ ಜೇ ಹಕ್ಕಿಗಳಂಥ ಸಾಗಣೆದಾರರಿಂದಲೇ ಆ ವೇಗ ಸಾಧ್ಯವಾಯಿತು. ಕಾಡಿನೊಳಗಿನ ಗುಂಪುಗಳನ್ನು ಹತ್ತಿರ ಬಿದ್ದ ಬೀಜಗಳು ರೂಪಿಸಿದರೆ, ಒಂದು ಪ್ರಭೇದ ಹರಡಿರುವ ಪ್ರದೇಶದ ಗಡಿಯನ್ನು ದೂರ ಬಿದ್ದ ಅಪರೂಪದ ಬೀಜಗಳು ಮುಂದೂಡುತ್ತವೆ.

ನೆಲಕ್ಕೆ ಬಿದ್ದ ಬೀಜವನ್ನು ಮೊದಲು ಎದುರುಗೊಳ್ಳುವುದು ಹವೆ ಮತ್ತು ಮಣ್ಣು. ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ 1807ರಲ್ಲಿ ಪ್ರಕಟಿಸಿದ ಚಿಂಬೊರಾಜೊ ಪರ್ವತದ ಚಿತ್ರದಲ್ಲಿ, ಎತ್ತರ ಏರಿದಂತೆ ಸಸ್ಯಗಳ ಪಟ್ಟಿ ಹೇಗೆ ಬದಲಾಗುತ್ತದೆ ಎಂಬುದನ್ನು ತೋರಿಸಿದಾಗಿನಿಂದ, ಉಷ್ಣತೆ ಮತ್ತು ಮಳೆ ಪ್ರಭೇದಗಳನ್ನು ಜರಡಿ ಹಿಡಿಯುತ್ತವೆ ಎಂಬ ತಿಳುವಳಿಕೆ ಬೇರೂರಿದೆ. ಜರಡಿ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಪನಾಮಾದ ಒಂದು ಪ್ರಯೋಗ ಸ್ಪಷ್ಟವಾದ ಉತ್ತರ ಕೊಟ್ಟಿತು. ಅಲ್ಲಿನ ಕಿರಿದಾದ ಭೂಸಂಧಿಯ ಕೆರಿಬಿಯನ್ ಪಾರ್ಶ್ವದಲ್ಲಿ ಮಳೆ ಹೆಚ್ಚು, ಪೆಸಿಫಿಕ್ ಪಾರ್ಶ್ವದಲ್ಲಿ ಕಡಿಮೆ. 48 ಪ್ರಭೇದಗಳ ಸಸಿಗಳನ್ನು ಒಂದು ಕಡೆ ನೀರು ಹಾಕಿಯೂ ಇನ್ನೊಂದು ಕಡೆ ಹಾಕದೆಯೂ ಬೆಳೆಸಿ, ಒಣಗುವಿಕೆಯನ್ನು ಯಾವ ಪ್ರಭೇದ ಎಷ್ಟು ತಾಳಿಕೊಳ್ಳುತ್ತದೆ ಎಂಬುದನ್ನು ಸಂಶೋಧಕರು ಅಳೆದರು. ನೀರಿಲ್ಲದೆ ಹೆಚ್ಚು ಸತ್ತ ಪ್ರಭೇದಗಳೇ ಭೂಸಂಧಿಯ ಒಣ ಪಾರ್ಶ್ವದಲ್ಲಿ ವಿರಳವಾಗಿದ್ದವು. 50 ಹೆಕ್ಟೇರಿನ ತಾಣದೊಳಗೂ ತೇವವುಳಿಯುವ ಇಳಿಜಾರುಗಳಿಗೂ ಒಣ ಸಮತಟ್ಟಿಗೂ ಅದೇ ಸಂಬಂಧ ಕಂಡಿತು. 2007ರಲ್ಲಿ ಪ್ರಕಟವಾದ ಈ ಕೆಲಸವನ್ನು ನಾನು ಬಹಳ ಮೆಚ್ಚುತ್ತೇನೆ. ನಕ್ಷೆಯಿಂದ ಕಾರಣವನ್ನು ಊಹಿಸುವ ಬದಲು, ಕಾರಣವನ್ನು ಪ್ರತ್ಯೇಕವಾಗಿ ಅಳೆದು ಅನಂತರ ನಕ್ಷೆಯತ್ತ ತಿರುಗಿದ್ದೇ ಅದರ ಬಲ.

ಮಣ್ಣಿನ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಪನಾಮಾ, ಕೊಲಂಬಿಯಾ ಮತ್ತು ಇಕ್ವೆಡಾರ್ ದೇಶಗಳ ಮೂರು ತಾಣಗಳಲ್ಲಿ ಮಣ್ಣಿನ ಪೋಷಕಾಂಶಗಳ ನಕ್ಷೆಯನ್ನೂ ಮರಗಳ ನಕ್ಷೆಯನ್ನೂ ಜೊತೆಗಿಟ್ಟು ನೋಡಿದಾಗ, ತಾಣಕ್ಕೆ ಅನುಗುಣವಾಗಿ ಶೇ. 36ರಿಂದ 51ರಷ್ಟು ಪ್ರಭೇದಗಳ ಹಂಚಿಕೆಗೆ ಪೋಷಕಾಂಶಗಳೊಡನೆ ಬಲವಾದ ಸಂಬಂಧ ಕಂಡುಬಂತು. ಇಂಥ ಹೋಲಿಕೆಯಲ್ಲಿ ಒಂದು ಅಪಾಯವಿದೆ. ಮಣ್ಣಿನ ಗುಣವೂ ತೇಪೆತೇಪೆಯಾಗಿರುತ್ತದೆ, ಮರಗಳೂ ಗುಂಪುಗುಂಪಾಗಿರುತ್ತವೆ. ತೇಪೆಯ ಮೇಲೆ ಗುಂಪು ಕುಳಿತದ್ದು ಬರಿಯ ಕಾಕತಾಳೀಯವೂ ಆಗಿರಬಹುದು. ಅದನ್ನು ಪರೀಕ್ಷಿಸಲು ಸಂಶೋಧಕರು ಮಣ್ಣಿನ ನಕ್ಷೆಯನ್ನು ಹಾಗೆಯೇ ಇಟ್ಟು, ಅದರ ಮೇಲೆ ಮರಗಳ ನಕ್ಷೆಯನ್ನು ಇಡಿಯಾಗಿ ಸರಿಸುವ ಒಂದು ಉಪಾಯ ಮಾಡುತ್ತಾರೆ. ಬಲ ಅಂಚಿನಿಂದ ಹೊರಗೆ ಹೋದ ಭಾಗವನ್ನು ಎಡ ಅಂಚಿಗೆ, ಮೇಲಿನಿಂದ ಹೊರಗೆ ಹೋದದ್ದನ್ನು ಕೆಳಕ್ಕೆ ಸೇರಿಸಿಕೊಳ್ಳುತ್ತ ಸಾವಿರಾರು ಬಗೆಯಲ್ಲಿ ಸರಿಸಿ, ಪ್ರತಿ ಬಾರಿಯೂ ಹೊಂದಿಕೆ ಎಷ್ಟೆಂದು ಲೆಕ್ಕ ಹಾಕುತ್ತಾರೆ. ಗುಂಪುಗಳ ಆಕಾರ ಕೆಡದೆ, ಮಣ್ಣಿನೊಡನೆ ಅವುಗಳ ನಂಟು ಮಾತ್ರ ಕಡಿದುಹೋಗುತ್ತದೆ. ನಿಜವಾದ ಸ್ಥಾನದ ಹೊಂದಿಕೆ ಈ ಸರಿಸಿದ ನಕ್ಷೆಗಳಲ್ಲಿ ಹೆಚ್ಚುಕಡಿಮೆ ಎಲ್ಲಕ್ಕಿಂತ ಗಾಢವಾಗಿದ್ದರೆ ಮಾತ್ರ ಮಣ್ಣಿಗೆ ಪಾತ್ರವಿದೆ ಎಂದು ಒಪ್ಪುತ್ತಾರೆ.

ಮಣ್ಣಿಗೆ ಪಾತ್ರವಿದೆ ಎಂದು ತೋರಿದ ಮೇಲೂ, ಅದು ಯಾವ ಬಗೆಯ ಪಾತ್ರ ಎಂಬ ಪ್ರಶ್ನೆ ಉಳಿಯುತ್ತದೆ. ಪೆರು ದೇಶದ ಅಮೆಜಾನ್ ಕಾಡಿನಲ್ಲಿ ಬಿಳಿ ಮರಳಿನ ನೆಲವೂ ಕೆಂಪು ಜೇಡಿಯ ನೆಲವೂ ಒಂದರ ಪಕ್ಕದಲ್ಲಿ ಒಂದಿವೆ. ಮರಳಿನಲ್ಲಿ ಪೋಷಕಾಂಶ ತೀರ ಕಡಿಮೆ, ಜೇಡಿಯಲ್ಲಿ ಅದಕ್ಕಿಂತ ಹೆಚ್ಚು. ಎರಡೂ ನೆಲಗಳ ಮರಗಳು ಬೇರೆ ಬೇರೆ. ಜೇಡಿಯ ಪ್ರಭೇದಗಳು ಮರಳಿನ ಬಡತನವನ್ನು ತಾಳಲಾರದೆ ಅಲ್ಲಿಲ್ಲ ಎಂದು ಯಾರಾದರೂ ಊಹಿಸಿಯಾರು. ಪಾಲ್ ಫೈನ್ ಮತ್ತು ಸಂಗಡಿಗರು ಎರಡೂ ಕಡೆಯ 20 ಪ್ರಭೇದಗಳ ಸಸಿಗಳನ್ನು ಎರಡೂ ಬಗೆಯ ನೆಲದಲ್ಲಿ ನೆಟ್ಟು, ಕೆಲವಕ್ಕೆ ಎಲೆ ತಿನ್ನುವ ಕೀಟಗಳು ನುಸುಳದಂತೆ ಬಲೆ ಕಟ್ಟಿ, ಉಳಿದವನ್ನು ತೆರೆದಿಟ್ಟರು. 2004ರಲ್ಲಿ ಪ್ರಕಟವಾದ ಫಲಿತಾಂಶ ಆ ಊಹೆಯನ್ನು ಬುಡಮೇಲು ಮಾಡಿತು. ಬಲೆಯೊಳಗಿದ್ದಾಗ ಜೇಡಿಯ ಪ್ರಭೇದಗಳು ಬಡ ಮರಳಿನಲ್ಲಿಯೂ ಮರಳಿನ ಪ್ರಭೇದಗಳಿಗಿಂತ ವೇಗವಾಗಿ ಬೆಳೆದವು. ಬಲೆ ಇಲ್ಲದಿದ್ದಾಗ ಮಾತ್ರ ಮರಳಿನ ಪ್ರಭೇದಗಳ ಕೈ ಮೇಲಾಯಿತು. ಪೋಷಕಾಂಶವಿಲ್ಲದ ನೆಲದಲ್ಲಿ ಕೀಟ ತಿಂದುಹಾಕಿದ ಒಂದೊಂದು ಎಲೆಯನ್ನೂ ಮತ್ತೆ ಬೆಳೆಸುವುದು ಬಹಳ ದುಬಾರಿ. ಆದ್ದರಿಂದ ಅಲ್ಲಿನ ಪ್ರಭೇದಗಳು ಬೆಳವಣಿಗೆಯ ವೇಗವನ್ನು ಬಿಟ್ಟುಕೊಟ್ಟು ಎಲೆಗಳ ರಕ್ಷಣೆಗೆ ಹೆಚ್ಚು ವ್ಯಯಿಸುತ್ತವೆ. ಮಣ್ಣು ಎಳೆದಂತೆ ಕಾಣುವ ಆ ಗಡಿಯನ್ನು ಎಳೆದದ್ದು ಮಣ್ಣು ಮತ್ತು ಕೀಟ ಎರಡೂ ಸೇರಿ.

ಶತ್ರುಗಳ ಮಾತು ಬಂದಿತು. ಈ ಕ್ಷೇತ್ರದ ಅತ್ಯಂತ ಫಲವತ್ತಾದ ವಿಚಾರ ಇರುವುದು ಇಲ್ಲಿಯೇ. ಡೇನಿಯಲ್ ಜಾನ್ಜನ್ 1970ರಲ್ಲಿ, ಜೋಸೆಫ್ ಕಾನೆಲ್ 1971ರಲ್ಲಿ, ಒಬ್ಬರು ಮಧ್ಯ ಅಮೆರಿಕದ ಕಾಡುಗಳನ್ನೂ ಇನ್ನೊಬ್ಬರು ಆಸ್ಟ್ರೇಲಿಯಾದ ಕಾಡುಗಳನ್ನೂ ನೋಡುತ್ತ, ಪರಸ್ಪರ ಸಂಬಂಧವಿಲ್ಲದೆ ಒಂದೇ ತೀರ್ಮಾನಕ್ಕೆ ಬಂದರು. ಬೀಜ ಕೊರೆಯುವ ಹುಳುಗಳಲ್ಲಿ, ಎಲೆ ತಿನ್ನುವ ಕೀಟಗಳಲ್ಲಿ, ಬೇರು ಕೊಳೆಸುವ ರೋಗಾಣುಗಳಲ್ಲಿ ಅನೇಕವು ಒಂದೋ ಎರಡೋ ಪ್ರಭೇದಗಳಿಗೆ ಮಾತ್ರ ಅಂಟಿಕೊಂಡಿರುತ್ತವೆ. ಬೆಳೆದ ಮರವೊಂದು ಇಂಥ ಶತ್ರುಗಳ ಖಾಯಂ ನೆಲೆ. ಅದರ ಬುಡದಲ್ಲಿ ದಟ್ಟವಾಗಿ ಮೊಳೆತ ಅದರದೇ ಸಸಿಗಳನ್ನು ಅವು ಸುಲಭವಾಗಿ ಹುಡುಕಿ ಮುಗಿಸುತ್ತವೆ. ದೂರ ಬಿದ್ದ ಬೀಜ, ಅಥವಾ ಬೇರೆ ಪ್ರಭೇದದ ಮರದ ಬುಡದಲ್ಲಿ ಬಿದ್ದ ಬೀಜ, ಅವುಗಳ ಕಣ್ಣಿಗೆ ಬೀಳುವ ಸಂಭವ ಕಡಿಮೆ. ಯಾವುದೇ ಪ್ರಭೇದ ಒಂದು ಜಾಗದಲ್ಲಿ ಹೆಚ್ಚಾದಂತೆ ಅದಕ್ಕೇ ಕುತ್ತು ಹೆಚ್ಚುವುದರಿಂದ, ಇಡೀ ಕಾಡನ್ನು ಒಂದೇ ಪ್ರಭೇದ ಆವರಿಸಿಕೊಳ್ಳದಂತೆ ತಡೆ ಬೀಳುತ್ತದೆ. ತಾಯಿಮರದ ಬುಡದಲ್ಲಿ ಅದರದೇ ಮಕ್ಕಳಿಗಿಂತ ಬೇರೆಯವರ ಮಕ್ಕಳಿಗೆ ಬದುಕು ಸುಲಭ ಎಂಬ ಈ ಸ್ಥಿತಿ ನೂರಾರು ಪ್ರಭೇದಗಳ ಸಹವಾಸಕ್ಕೆ ಎಡೆಮಾಡಿಕೊಡುತ್ತದೆ.

ಈ ವಿಚಾರಕ್ಕೆ ಸಾಕ್ಷ್ಯ ಹಂತಹಂತವಾಗಿ ಸೇರಿತು. ಉತ್ತರ ಅಮೆರಿಕದ ಬ್ಲ್ಯಾಕ್ ಚೆರಿ ಮರದ ಬುಡದ ಮಣ್ಣಿನಲ್ಲಿ ಅದರ ಸಸಿಗಳು ಹೆಚ್ಚಾಗಿ ಸಾಯುತ್ತವೆ. ಅದೇ ಮಣ್ಣನ್ನು ಕ್ರಿಮಿಶುದ್ಧ ಮಾಡಿ ಬೆಳೆಸಿದರೆ ಬದುಕುತ್ತವೆ. ಪಿಥಿಯಂ ಎಂಬ, ಶಿಲೀಂಧ್ರವನ್ನು ಹೋಲುವ ಸೂಕ್ಷ್ಮಜೀವಿ ಅಲ್ಲಿ ಕೊಲೆಗಾರ ಎಂದು 2000ದಲ್ಲಿ ತಿಳಿದುಬಂತು. ಅದೇ ವರ್ಷ, ಬಾರೊ ಕೊಲೊರಾಡೊದ ಬಲೆಗಳಲ್ಲಿ ಬಿದ್ದ ಬೀಜಗಳನ್ನೂ ಪಕ್ಕದಲ್ಲಿ ಮೊಳೆತ ಸಸಿಗಳನ್ನೂ ತುಲನೆ ಮಾಡಿದ ಇನ್ನೊಂದು ಅಧ್ಯಯನ, ಪರಿಶೀಲಿಸಿದ 53 ಪ್ರಭೇದಗಳಲ್ಲಿ ಪ್ರತಿಯೊಂದರಲ್ಲೂ, ಬೀಜ ಹೆಚ್ಚು ಬಿದ್ದ ಕಡೆ ಅವುಗಳಲ್ಲಿ ಸಸಿಯಾದವುಗಳ ಪ್ರಮಾಣ ಕಡಿಮೆ ಎಂದು ತೋರಿಸಿತು. 2014ರಲ್ಲಿ ಪ್ರಕಟವಾದ ಬೆಲೀಜ್ ದೇಶದ ಪ್ರಯೋಗದಲ್ಲಿ ಕಾಡಿನ ನೆಲಕ್ಕೆ ಶಿಲೀಂಧ್ರನಾಶಕ ಸಿಂಪಡಿಸಿದ ಚೌಕಗಳಲ್ಲಿ ಸಸಿಗಳ ವೈವಿಧ್ಯವೇ ಕುಸಿಯಿತು. ಕೀಟನಾಶಕ ಸಿಂಪಡಿಸಿದ ಕಡೆ ಸಸಿಗಳಾಗಿ ಮೇಲೆದ್ದ ಪ್ರಭೇದಗಳ ಪ್ರಮಾಣವೇ ಬದಲಾಯಿತು. ರೋಗವೆಂದರೆ ಕಾಡಿಗೆ ಹಾನಿ ಎಂದು ಭಾವಿಸುವ ನಮಗೆ, ರೋಗಾಣುಗಳನ್ನು ತೆಗೆದರೆ ಕಾಡು ಬಡವಾಗುತ್ತದೆ ಎಂಬ ಈ ಸಂಗತಿ ನಿಂತು ಯೋಚಿಸುವಂಥದ್ದು.

ಹಾಗಾದರೆ ಮರಗಳು ಒಂದರಿಂದ ಒಂದು ದೂರ ದೂರ ಇರಬೇಕಿತ್ತಲ್ಲ, ಬಹುಪಾಲು ಪ್ರಭೇದಗಳು ಗುಂಪಾಗಿಯೇ ಏಕಿವೆ? ಈ ಪ್ರಶ್ನೆಯಿಂದ ಅನೇಕರು ಗೊಂದಲಕ್ಕೆ ಒಳಗಾಗಿದ್ದಾರೆ. ಒಂದು ಕಲ್ಪಿತ ಲೆಕ್ಕ ತೆಗೆದುಕೊಳ್ಳಿ: ತಾಯಿಮರದ ಬುಡದಲ್ಲಿ ಚದರ ಮೀಟರಿಗೆ 100 ಬೀಜ ಬಿದ್ದು ಅವುಗಳಲ್ಲಿ ಶೇ. 2ರಷ್ಟು ಉಳಿದರೆ ಸಿಗುವುದು 2 ಸಸಿ; 40 ಮೀಟರ್ ದೂರದಲ್ಲಿ ಚದರ ಮೀಟರಿಗೆ 2 ಬೀಜ ಬಿದ್ದು ಶೇ. 20ರಷ್ಟು ಉಳಿದರೂ ಸಿಗುವುದು ಅರ್ಧ ಸಸಿಗಿಂತ ಕಡಿಮೆ. ಬದುಕುವ ಸಂಭವ ದೂರದಲ್ಲಿ ಹತ್ತು ಪಟ್ಟು ಹೆಚ್ಚಿದ್ದರೂ ಗುಂಪು ಉಳಿಯುತ್ತದೆ, ಕೇವಲ ತೆಳುವಾಗುತ್ತದೆ. ಆದ್ದರಿಂದ ಬೆಳೆದ ಮರಗಳು ಗುಂಪಾಗಿರುವುದು ಶತ್ರುಗಳ ಪಾತ್ರವನ್ನು ಅಲ್ಲಗಳೆಯುವುದಿಲ್ಲ. ನೋಡಬೇಕಾದದ್ದು ಬೀಜಗಳ ಗುಂಪು, ಸಸಿಗಳ ಗುಂಪು, ಎಳೆಮರಗಳ ಗುಂಪು ಮತ್ತು ಬೆಳೆದ ಮರಗಳ ಗುಂಪು ಇವುಗಳ ನಡುವಿನ ವ್ಯತ್ಯಾಸವನ್ನು. ವಯಸ್ಸು ಹೆಚ್ಚಿದಂತೆ ಗುಂಪು ತೆಳುವಾಗುತ್ತ ಹೋದರೆ, ಆ ತೆಳುವಾಗುವಿಕೆಯೇ ಸಾವುಗಳ ಗುರುತು. ಇದರಲ್ಲಿಯೂ ಎಚ್ಚರ ಬೇಕು. ನೆರೆಯ ಮರಗಳನ್ನು ಎಣಿಸುವಲ್ಲಿ ಆಗುವ ತಪ್ಪುಗಳು ಈ ಪರಿಣಾಮವನ್ನು ನಿಜಕ್ಕಿಂತ ಹಿಗ್ಗಿಸಿ ತೋರಿಸಬಲ್ಲವು ಎಂಬುದು ಇತ್ತೀಚಿನ ವರ್ಷಗಳಲ್ಲಿ ಸ್ಪಷ್ಟವಾಗಿದೆ.

ಎಲ್ಲ ಮರಗಳೂ ಬುಡದಲ್ಲಿ ಶತ್ರುಗಳನ್ನೇ ಸಾಕುವುದಿಲ್ಲ. ಬಹುತೇಕ ಮರಗಳ ಬೇರುಗಳೊಡನೆ ಕೆಲವು ಶಿಲೀಂಧ್ರಗಳು ಕೂಡಿ ಬಾಳುತ್ತವೆ. ಅವು ಮಣ್ಣಿನಿಂದ ಪೋಷಕಾಂಶ ತಂದುಕೊಟ್ಟು ಮರದಿಂದ ಸಕ್ಕರೆ ಪಡೆಯುತ್ತವೆ. ಇವುಗಳಲ್ಲಿ ಒಂದು ಬಗೆ ಬೇರಿನ ಜೀವಕೋಶಗಳ ಒಳಕ್ಕೆ ಹೋಗುತ್ತದೆ. ಇನ್ನೊಂದು ಬಗೆ ಬೇರಿನ ತುದಿಗೆ ಹೊರಗಿನಿಂದ ಕವಚದಂತೆ ಸುತ್ತಿಕೊಳ್ಳುತ್ತದೆ. ಉತ್ತರ ಅಮೆರಿಕದ 55 ಪ್ರಭೇದಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮೊದಲ ಬಗೆಯ ಶಿಲೀಂಧ್ರವುಳ್ಳ ಮರಗಳ ಸಸಿಗಳು ತಮ್ಮವರ ಬುಡದಲ್ಲಿ ಸೊರಗಿದರೆ, ಕವಚದ ಶಿಲೀಂಧ್ರವುಳ್ಳವುಗಳ ಸಸಿಗಳು ತಮ್ಮವರ ಬುಡದಲ್ಲಿಯೇ ಚೆನ್ನಾಗಿ ಬೆಳೆಯುವ ಪ್ರವೃತ್ತಿ ತೋರಿದವು. ಕಾಂಗೊ ಜಲಾನಯನ ಪ್ರದೇಶದಲ್ಲಿ ಗಿಲ್ಬರ್ಟಿಯೊಡೆಂಡ್ರಾನ್ ಎಂಬ ಮರ, ಸುತ್ತ ಹತ್ತಾರು ಪ್ರಭೇದಗಳ ಮಿಶ್ರ ಕಾಡಿರುವಾಗಲೂ, ವಿಶಾಲವಾದ ಜಾಗಗಳನ್ನು ತಾನೊಂದೇ ಆಳುತ್ತದೆ. ಅದೂ ಕವಚದ ಶಿಲೀಂಧ್ರದ ಜೊತೆಗಾರ. ಅದರ ದೊಡ್ಡ ಬೀಜ, ಒತ್ತಾದ ನೆರಳು, ನಿಧಾನವಾಗಿ ಕೊಳೆಯುವ ದಪ್ಪನೆಯ ಎಲೆಹಾಸು ಕೂಡ ಅದಕ್ಕೆ ನೆರವಾಗುತ್ತವೆ.

ಮರ ಉರುಳಿದಾಗ ತೆರೆಯುವ ಬಿಸಿಲಿನ ಕಿಂಡಿಗಳ ಬಗ್ಗೆ ಸಂಕ್ಷೇಪವಾಗಿ ಹೇಳಬಹುದು. ಸೆಕ್ರೋಪಿಯದಂಥ, ಬೆಳಕು ಬೇಡುವ ಮರಗಳು ಅಲ್ಲಿಯೇ ಹುಟ್ಟುತ್ತವೆ, ಆದ್ದರಿಂದ ಅವುಗಳ ಹಂಚಿಕೆ ಹಿಂದೆ ಎಲ್ಲೆಲ್ಲಿ ಮರಗಳು ಉರುಳಿದ್ದವು ಎಂಬುದರ ದಾಖಲೆ. ಆದರೆ ಬಾರೊ ಕೊಲೊರಾಡೊದಲ್ಲಿ ಕಿಂಡಿಗಳಲ್ಲಿ ಗಿಡಗಳ ಸಂಖ್ಯೆ ಹೆಚ್ಚಿದ್ದರೂ, ಅಷ್ಟೇ ಸಂಖ್ಯೆಯ ಗಿಡಗಳನ್ನು ಹೋಲಿಸಿದಾಗ ಪ್ರಭೇದಗಳು ಹೆಚ್ಚಿರಲಿಲ್ಲ ಎಂದು 1999ರಲ್ಲಿ ಹಬೆಲ್ ಮತ್ತು ಸಂಗಡಿಗರು ತೋರಿಸಿದರು. ಮತ್ತೆ ಅದೇ ಕಾರಣ, ಯಾವ ಬೀಜ ಅಲ್ಲಿಗೆ ತಲುಪಿತು ಎಂಬುದು. ಬೆಂಕಿ ಇದಕ್ಕಿಂತ ಕಟ್ಟುನಿಟ್ಟಾದ ಜರಡಿ. ಮಲೇಷ್ಯಾದ ಪಾಸೊ ಎಂಬ ಮಳೆಕಾಡಿನ 50 ಹೆಕ್ಟೇರಿನಲ್ಲಿ 800ಕ್ಕೂ ಹೆಚ್ಚು ಪ್ರಭೇದಗಳ ಮೂರು ಲಕ್ಷಕ್ಕೂ ಮಿಕ್ಕಿದ ಗಿಡಮರಗಳಿವೆ. ಬೆಂಕಿಯೂ ಆನೆಗಳೂ ಮತ್ತೆ ಮತ್ತೆ ಬರುವ ಮುದುಮಲೈಯ ಒಣ ಎಲೆಯುದುರು ಕಾಡಿನಲ್ಲಿ, 1988ರಲ್ಲಿ ಆರಂಭವಾದ ಅಷ್ಟೇ ವಿಸ್ತೀರ್ಣದ ತಾಣದಲ್ಲಿ ಎಣಿಸಿದಾಗ ಸಿಕ್ಕದ್ದು ಸುಮಾರು 70 ಪ್ರಭೇದಗಳ ಸುಮಾರು 26,000 ಗಿಡಮರಗಳು. ಅಂಥ ಕಡೆ ದಪ್ಪ ತೊಗಟೆಯೂ, ಸುಟ್ಟ ಬುಡದಿಂದ ಮತ್ತೆ ಚಿಗುರುವ ಶಕ್ತಿಯೂ ಉಳಿವಿಗೆ ಬೇಕಾದ ಅರ್ಹತೆಗಳು.

ಇಷ್ಟೆಲ್ಲ ಕಾರಣಗಳನ್ನು ಹೇಳಿದ ಮೇಲೆ, ಕಾರಣವೇ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ಗಂಭೀರವಾಗಿ ಕೇಳಿದವರೂ ಹಬೆಲ್ ಅವರೇ. ಪ್ರತಿಯೊಂದು ಮರವೂ, ಯಾವ ಪ್ರಭೇದದ್ದೇ ಇರಲಿ, ಸಾಯುವುದರಲ್ಲಿ ಮತ್ತು ಸಂತಾನ ಬಿಡುವುದರಲ್ಲಿ ಸಮಾನ ಎಂದು ಇಟ್ಟುಕೊಂಡು, ಆಕಸ್ಮಿಕ ಸಾವು, ಮಿತವಾದ ಬೀಜ ಪ್ರಸರಣ ಮತ್ತು ಆಗಾಗ ಹುಟ್ಟುವ ಹೊಸ ಪ್ರಭೇದ ಇಷ್ಟರಿಂದಲೇ ಕಾಡು ಹೇಗಿರುತ್ತದೆ ಎಂದು 2001ರಲ್ಲಿ ಅವರು ವಿಸ್ತಾರವಾಗಿ ಮಂಡಿಸಿದರು. ಕೆಲವೇ ಪ್ರಭೇದಗಳು ಸಾಮಾನ್ಯ, ಬಹುಪಾಲು ಅಪರೂಪ ಎಂಬ ನಿಜವಾದ ಕಾಡುಗಳ ರಚನೆಗೆ ಈ ತಟಸ್ಥ ಸಿದ್ಧಾಂತ ಚೆನ್ನಾಗಿ ಹೊಂದಿತು. ಆದರೆ ಮತ್ತೆ ಮತ್ತೆ ಎಣಿಸಿದಾಗ ಪ್ರಭೇದಗಳ ಸಂಖ್ಯೆಗಳು ಬರಿಯ ಆಕಸ್ಮಿಕದಿಂದ ಆಗಬಹುದಾದದ್ದಕ್ಕಿಂತ ವೇಗವಾಗಿ ಏರಿಳಿಯುತ್ತಿರುವುದು ಕಂಡಿತು. ಪೆರುವಿನ ಬಲೆಗಳು, ಬೆಲೀಜಿನ ಚೌಕಗಳು ತೋರಿಸಿದಂತೆ ಪ್ರಭೇದಗಳು ಸಮಾನವಲ್ಲ ಎಂಬುದು ಖಚಿತ. ಆದರೂ ಈ ಸಿದ್ಧಾಂತವನ್ನು ಸೋತ ವಾದವೆಂದು ಬದಿಗಿಡುವುದು ತಪ್ಪು ಎಂದು ನಾನು ತಿಳಿಯುತ್ತೇನೆ. ಒಂದು ವಿನ್ಯಾಸಕ್ಕೆ ವಿಶೇಷ ಕಾರಣ ಬೇಕು ಎನ್ನುವ ಮುನ್ನ, ಕಾರಣವಿಲ್ಲದೆಯೂ ಅದು ಮೂಡೀತೇ ಎಂದು ಪರೀಕ್ಷಿಸುವ ಶಿಸ್ತನ್ನು ಅದು ಕಲಿಸಿತು.

ಈ ಪ್ರಕ್ರಿಯೆಗಳಲ್ಲಿ ಯಾವುದು ಮುಖ್ಯ ಎಂಬ ವಾದ ಬಹಳ ಬಾರಿ ಅಳತೆಯ ವ್ಯತ್ಯಾಸದಿಂದ ಹುಟ್ಟುತ್ತದೆ. ಕೆಲವು ಮೀಟರುಗಳ ಒಳಗೆ ಶತ್ರುಗಳ ಕೈವಾಡ ಎದ್ದು ಕಾಣುತ್ತದೆ. ಹತ್ತಾರು ಮೀಟರುಗಳಲ್ಲಿ ಬೀಜ ಪ್ರಸರಣ. ನೂರಾರು ಮೀಟರುಗಳಲ್ಲಿ ಇಳಿಜಾರು, ತೇವ, ಮಣ್ಣು. ನೂರಾರು ಕಿಲೋಮೀಟರುಗಳಲ್ಲಿ ಹವೆ ಮತ್ತು ಭೂ ಇತಿಹಾಸ. 2013ರ ಒಂದು ಅಂದಾಜಿನಂತೆ ಅಮೆಜಾನಿನಲ್ಲಿ ಸುಮಾರು 16,000 ಮರ ಪ್ರಭೇದಗಳಿದ್ದು, ಒಟ್ಟು ಮರಗಳಲ್ಲಿ ಅರ್ಧದಷ್ಟು ಕೇವಲ 227 ಪ್ರಭೇದಗಳಿಗೆ ಸೇರಿವೆ. ಆ ಮಟ್ಟದ ಅಸಮಾನತೆಯನ್ನು ಒಂದು ಮರದ ಬುಡದ ಮಣ್ಣಿನಿಂದ ವಿವರಿಸಲಾಗದು, ಹಾಗೆಯೇ ಒಂದು ಮರದ ಬುಡದಲ್ಲಿ ನಡೆಯುವುದನ್ನು ಖಂಡದ ಹವೆಯಿಂದ ವಿವರಿಸಲಾಗದು.

ಮುನ್ನೂರು ವರ್ಷದ ಮರವೊಂದು ನಿಂತ ಜಾಗ, ಅದು ಸಸಿಯಾಗಿದ್ದಾಗಿನ ಮಳೆ, ಅಂದಿನ ಪ್ರಾಣಿಗಳು, ಅಂದಿನ ರೋಗಾಣುಗಳು ತೀರ್ಮಾನಿಸಿದ ಜಾಗ. ಬೇಟೆಯಿಂದ ದೊಡ್ಡ ಹಣ್ಣುಗಳನ್ನು ಒಯ್ಯುವ ಪ್ರಾಣಿಗಳು ಇಲ್ಲವಾದ ಕಾಡಿನಲ್ಲಿ ಬೀಜಗಳೆಲ್ಲ ತಾಯಿಮರದ ಅಡಿಯಲ್ಲಿಯೇ, ಅದರ ಶತ್ರುಗಳ ನಡುವೆಯೇ ಬೀಳುತ್ತವೆ. ಆದರೂ ಬೆಳೆದ ಮರಗಳ ನಕ್ಷೆ ಹಲವು ದಶಕಗಳವರೆಗೆ ಬದಲಾಗದೆ ಮೊದಲಿನಂತೆಯೇ ತೋರುತ್ತದೆ. ಬದಲಾವಣೆ ಮೊದಲು ಕಾಣುವುದು ಮೊಣಕಾಲೆತ್ತರದ ಸಸಿಗಳಲ್ಲಿ. ಬಾರೊ ಕೊಲೊರಾಡೊದ ಅದೇ 50 ಹೆಕ್ಟೇರಿನಲ್ಲಿ ಐದು ಮೀಟರಿಗೆ ಒಂದರಂತೆ, ಒಂದೊಂದು ಚದರ ಮೀಟರಿನ 20,000 ಚೌಕಗಳನ್ನು ಗುರುತಿಸಿ ಸಸಿಗಳನ್ನು ಎಣಿಸಿದ್ದಾರೆ. 180 ಪ್ರಭೇದಗಳ ಆ ಲೆಕ್ಕದಿಂದ, ತಮ್ಮದೇ ಪ್ರಭೇದದ ನೆರೆಯವರಿಂದ ಹೆಚ್ಚು ಹಾನಿಗೊಳಗಾಗುವುದು ಅಪರೂಪದ ಪ್ರಭೇದಗಳ ಸಸಿಗಳೇ ಎಂಬುದು 2010ರಲ್ಲಿ ತಿಳಿಯಿತು. ಅವು ಅಪರೂಪವಾಗಿ ಉಳಿದಿರುವುದಕ್ಕೆ ಇದೇ ಕಾರಣವಿರಬಹುದು. ಎರಡು ಲಕ್ಷ ಮರಗಳ ನಕ್ಷೆಯನ್ನು ಮಾತ್ರ ನೋಡುತ್ತ ಕುಳಿತಿದ್ದರೆ ಆ ಮಾತು ಎಂದಿಗೂ ಹೊರಬರುತ್ತಿರಲಿಲ್ಲ.